ಬೆಳವಣಿಗೆಯ ಹಾರ್ಮೋನ್ ಇಂಜೆಕ್ಷನ್: ಹಾಕಿಸುವುದಾ, ಕಾಯುವುದಾ, ಬಿಡುವುದಾ?

ಮಂಗಳೂರಿನಲ್ಲಿ ಮದ್ದಿನಂಗಡಿ ಇಟ್ಟುಕೊಂಡವನಿಗೆ ಈ ಪ್ರಶ್ನೆ ಹೆಚ್ಚಾಗಿ ಬರುವುದು ಏಪ್ರಿಲ್-ಮೇ ರಜೆಯಲ್ಲಿ. ಕಂಕನಾಡಿಯಲ್ಲೋ, ದೇರಳಕಟ್ಟೆಯಲ್ಲೋ, ಮಣಿಪಾಲದಲ್ಲೋ ಮಗುವನ್ನು ತೋರಿಸಿ ಬಂದಿರುತ್ತಾರೆ. ಚೀಟಿಯನ್ನು ಕೌಂಟರಿನ ಮೇಲಿಟ್ಟು ರೇಟು ಕೇಳುತ್ತಾರೆ. ರೇಟು ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಕಿಸುವುದಾ ಬೇಡವಾ ಮಾರಾಯ್ರೆ? ದಿನಾ ಸೂಜಿಯಂತೆ, ವರ್ಷಗಟ್ಟಲೆಯಂತೆ. ಮುಂದೆ ಏನಾದರೂ ತೊಂದರೆ ಉಂಟಾ?” ಎನ್ನುತ್ತಾರೆ.

ಯಾರಿಗೆ ಎಷ್ಟು ಮದ್ದು ಎಂದು ಹೇಳುವುದು ನನ್ನ ಕೆಲಸವಲ್ಲ, ಅದು ಮಕ್ಕಳ ಹಾರ್ಮೋನ್ ತಜ್ಞರದ್ದು. ಆದರೆ ಎದುರಿಗಿರುವ ದಾರಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಲು ಒಪಿಡಿಯ ಹತ್ತು ನಿಮಿಷ ಯಾರಿಗೂ ಸಾಕಾಗುವುದಿಲ್ಲ. ಅಳೆಯುತ್ತಾ ಕಾಯಬಹುದು. ದಿನಕ್ಕೊಂದು ಇಂಜೆಕ್ಷನ್ ಶುರು ಮಾಡಬಹುದು. ಈಗ ವಾರಕ್ಕೊಮ್ಮೆ ಹಾಕುವ ಬಗೆಯೂ ಬಂದಿದೆ. ಇವೆಲ್ಲದರ ಮಧ್ಯೆ ಟಿವಿಯಲ್ಲಿ ಕಾಣುವ ‘ಎತ್ತರದ ಪೌಡರ್’ ಬೇರೆ. ದೊಡ್ಡವರೂ ಈ ಮದ್ದನ್ನು ಕೇಳಿಕೊಂಡು ಬರುತ್ತಾರೆ, ಅವರ ವಿಷಯ ಆಮೇಲೆ ಹೇಳುತ್ತೇನೆ.

ಯಾವುದರಿಂದ ಅಳೆದು ನೋಡುವುದು?

ಹೆಚ್ಚಿನವರು ಮೊದಲು ಕೇಳುವುದು ಯಾವ ಕಂಪೆನಿಯದ್ದು ಒಳ್ಳೆಯದು ಅಂತ. ಅದು ಕೊನೆಯ ಪ್ರಶ್ನೆ. ಮೊದಲನೆಯದು, ಮಗು ವರ್ಷಕ್ಕೆ ಎಷ್ಟು ಸೆಂಟಿಮೀಟರ್ ಬೆಳೆಯುತ್ತಿದೆ ಎಂಬುದು. ನಾಲ್ಕು ವರ್ಷ ದಾಟಿದ ಮಗು ಹರೆಯ ಶುರುವಾಗುವ ತನಕ ವರ್ಷಕ್ಕೆ ಸುಮಾರು 5ರಿಂದ 6 ಸೆಂ.ಮೀ. ಬೆಳೆಯಬೇಕು. ಗಿಡ್ಡ ಇದ್ದರೂ ಇಷ್ಟು ಬೆಳೆಯುತ್ತಿದ್ದರೆ ಒಂದು ಲೆಕ್ಕ. ವರ್ಷಕ್ಕೆ ನಾಲ್ಕು ಸೆಂ.ಮೀ.ಗಿಂತ ಕೆಳಗೆ ಇಳಿದರೆ ಬೇರೆ ಲೆಕ್ಕ, ಆಗ ಮಗು ಕ್ಲಾಸಿನಲ್ಲಿ ನಡುವಿನ ಎತ್ತರದ್ದಾಗಿದ್ದರೂ ತೋರಿಸಬೇಕು.

ಎರಡನೆಯದು, ಅಪ್ಪ-ಅಮ್ಮನ ಎತ್ತರ. ಇಬ್ಬರದ್ದನ್ನೂ ಕೂಡಿಸಿ ಅರ್ಧ ಮಾಡಿ, ಗಂಡು ಮಗುವಾದರೆ 6.5 ಸೆಂ.ಮೀ. ಸೇರಿಸಿ, ಹೆಣ್ಣು ಮಗುವಾದರೆ ಅಷ್ಟೇ ಕಳೆಯಿರಿ. ಅಪ್ಪ 165, ಅಮ್ಮ 152 ಇದ್ದರೆ ಮಗನಿಗೆ ಬರುವುದು 165, ಮಗಳಿಗೆ 152. ಇದರ ಎರಡೂ ಕಡೆ ಏಳೆಂಟು ಸೆಂಟಿಮೀಟರ್ ಆಚೀಚೆ ಆಗುವುದು ಸಹಜ. ಇಬ್ಬರೂ ಗಿಡ್ಡ ಇದ್ದು ಮಗು ತಮ್ಮ ದಾರಿಯಲ್ಲೇ ಹೋಗುತ್ತಿದ್ದರೆ ಅದು ಕಾಯಿಲೆಯಲ್ಲ. ಈ ಲೆಕ್ಕ ಹಾಕಿ ತೋರಿಸಿದಾಗ ಕೆಲವು ಅಪ್ಪಂದಿರು ನನ್ನ ಮೇಲೇ ಸಿಟ್ಟಾಗುವುದುಂಟು.

ಮೂರನೆಯದು ಎಲುಬಿನ ವಯಸ್ಸು, ಡಾಕ್ಟರರ ಬಾಯಲ್ಲಿ ‘ಬೋನ್ ಏಜ್’. ಎಡಗೈಯ ಅಂಗೈ ಮತ್ತು ಮಣಿಕಟ್ಟಿನ ಒಂದು ಎಕ್ಸ್‌ರೇ ಸಾಕು. ಎಲುಬಿನ ತುದಿಯಲ್ಲಿ ಬೆಳವಣಿಗೆ ನಡೆಯುವ ಮೃದ್ವಸ್ಥಿಯ ಪಟ್ಟಿ ಎಷ್ಟು ಉಳಿದಿದೆ ಎಂಬುದು ಅದರಲ್ಲಿ ಕಾಣುತ್ತದೆ. ಹುಡುಗಿಯರಲ್ಲಿ ಎಲುಬಿನ ವಯಸ್ಸು 14, ಹುಡುಗರಲ್ಲಿ 16 ಮುಟ್ಟಿತೆಂದರೆ ಆ ಪಟ್ಟಿ ಬಹುಮಟ್ಟಿಗೆ ಮುಚ್ಚಿಕೊಂಡ ಹಾಗೆ. ಅದರ ಮೇಲೆ ಎಷ್ಟು ದುಡ್ಡು ಸುರಿದರೂ ಎತ್ತರ ಬರುವುದಿಲ್ಲ. ಪಿಯುಸಿ ಮುಗಿಸಿದ ಮಗನನ್ನು ಪೊಲೀಸ್ ಸೆಲೆಕ್ಷನ್‌ಗೆ ಕಳಿಸಲು ಎರಡು ಇಂಚು ಬೇಕಿತ್ತು ಎಂದು ಬರುವವರಿಗೆ ಈ ಎಕ್ಸ್‌ರೇಯೇ ಉತ್ತರ.

ಇವುಗಳ ನಂತರ ಬರುವುದು ಹಣ, ಅದೂ ತಿಂಗಳ ಲೆಕ್ಕದಲ್ಲಲ್ಲ, ವರ್ಷಗಳ ಲೆಕ್ಕದಲ್ಲಿ. ಹಾಗೆಯೇ ರಾತ್ರಿಗಳು: ಅಜ್ಜಿ ಮನೆಗೆ ಹೋದಾಗ, ಆಯನ-ಮದುವೆ ಇದ್ದಾಗ, ಪರೀಕ್ಷೆಯ ಹಿಂದಿನ ದಿನ ಕೂಡ ಸೂಜಿ ಚುಚ್ಚಲು ಮನೆಯಲ್ಲಿ ಯಾರಾದರೂ ಬೇಕು. ಕೊನೆಗೆ ಅಪಾಯ. ಅದು ಎಲ್ಲ ಮಕ್ಕಳಿಗೂ ಒಂದೇ ಅಲ್ಲ.

ಕಾಯುವ ದಾರಿ

ಗಿಡ್ಡ ಎಂದು ಕರೆತರುವ ಮಕ್ಕಳಲ್ಲಿ ಬಹಳಷ್ಟು ಮಂದಿ ತಡವಾಗಿ ಬೆಳೆಯುವವರು. ಅಪ್ಪನೋ ಸೋದರಮಾವನೋ ಹತ್ತನೇ ಕ್ಲಾಸಿನ ತನಕ ಸಾಲಿನಲ್ಲಿ ಮುಂದೆ ನಿಂತವರಾಗಿರುತ್ತಾರೆ, ಆಮೇಲೆ ಒಮ್ಮೆಲೇ ಉದ್ದ ಆದವರು. ಇಂಥ ಮಕ್ಕಳ ಎಲುಬಿನ ವಯಸ್ಸು ನಿಜವಾದ ವಯಸ್ಸಿಗಿಂತ ಒಂದೆರಡು ವರ್ಷ ಹಿಂದೆ ಇರುತ್ತದೆ, ಬೆಳೆಯುವ ವೇಗ ಮಾತ್ರ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ. ಉಡುಪಿ ಎಕ್ಸ್‌ಪ್ರೆಸ್ ಬಸ್ಸು ತಡವಾಗಿ ಬಂದ ಹಾಗೆ, ಮುಟ್ಟುವ ಜಾಗ ಬದಲಾಗಿಲ್ಲ. ಹದಿನಾಲ್ಕು ದಾಟಿದರೂ ಹರೆಯದ ಲಕ್ಷಣ ಕಾಣದೆ ಹುಡುಗ ಕುಗ್ಗಿಹೋಗಿದ್ದರೆ ಕೆಲವು ತಿಂಗಳ ಮಟ್ಟಿಗೆ ಕಡಿಮೆ ಪ್ರಮಾಣದ ಟೆಸ್ಟೋಸ್ಟೆರಾನ್ ಕೊಟ್ಟು ಚಾಲನೆ ಕೊಡುವ ಕ್ರಮ ಉಂಟು. ಅದಕ್ಕೆ ತಗಲುವ ಖರ್ಚು ಬೆಳವಣಿಗೆಯ ಹಾರ್ಮೋನಿನ ಮುಂದೆ ಏನೂ ಅಲ್ಲ.

ಕಾಯುವುದೆಂದರೆ ಸುಮ್ಮನೆ ಕೂರುವುದಲ್ಲ. ಬರಿಗಾಲಿನಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿ. ಹಿಮ್ಮಡಿ, ಕುಂಡೆ, ಬೆನ್ನು ಗೋಡೆಗೆ ತಾಗಿರಲಿ, ನೋಟ ನೇರ ಇರಲಿ. ಜಡೆ ಬಿಚ್ಚಿಸಿ, ಒಂದು ದಪ್ಪ ಪುಸ್ತಕವನ್ನು ತಲೆಯ ಮೇಲೆ ಗೋಡೆಗೆ ಕೂಡಿಸಿ ಹಿಡಿದು ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಬೆಳಿಗ್ಗೆ ಅಳೆದವರು ಮುಂದಿನ ಸಲವೂ ಬೆಳಿಗ್ಗೆಯೇ ಅಳೆಯಬೇಕು, ಏಕೆಂದರೆ ಸಂಜೆಯ ಹೊತ್ತಿಗೆ ಎಲ್ಲರೂ ಒಂದಷ್ಟು ಮಿಲಿಮೀಟರ್ ಕುಗ್ಗಿರುತ್ತೇವೆ. ತಿಂಗಳಿಗೊಮ್ಮೆ ಅಳೆದರೆ ತಲೆಬಿಸಿ ಮಾತ್ರ. ಆರು ತಿಂಗಳ ಅಂತರದ ಎರಡು ಗೆರೆಗಳು ಬೇಕು, ಒಂದು ವರ್ಷದ್ದಾದರೆ ಇನ್ನೂ ಒಳ್ಳೆಯದು. ಡಾಕ್ಟರ ಕೈಗೆ ಹೋಗುವ ಫೈಲಿನಲ್ಲಿ ಇದಕ್ಕಿಂತ ಬೆಲೆಬಾಳುವ ಕಾಗದ ಇಲ್ಲ. ಶಾಲೆಯ ಆರೋಗ್ಯ ಕಾರ್ಡ್, ಲಸಿಕೆ ಪುಸ್ತಕದಲ್ಲಿ ಹಳೆಯ ಅಳತೆ ಇದ್ದರೆ ಅದನ್ನೂ ಹುಡುಕಿ ಇಡಿ.

ಕಾಯಬಾರದ ಸಂದರ್ಭಗಳೂ ಉಂಟು. ವೇಗ ಇಳಿದಿದೆ, ಜೊತೆಗೆ ತಲೆನೋವು, ವಾಂತಿ, ದೃಷ್ಟಿ ಮಂದ, ರಾತ್ರಿಯಿಡೀ ನೀರು ಕುಡಿದು ಮೂತ್ರಕ್ಕೆ ಏಳುವುದು ಇದ್ದರೆ ಅದು ಈ ಹಾರ್ಮೋನನ್ನು ಸ್ರವಿಸುವ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಹತ್ತಿರ ಗಡ್ಡೆ ಇರುವ ಸೂಚನೆ ಆಗಿರಬಹುದು. ಹುಟ್ಟಿದ ಕೂಡಲೇ ಸಕ್ಕರೆ ಅಂಶ ಮತ್ತೆ ಮತ್ತೆ ಇಳಿದಿದ್ದ ಮಗುವೂ ಕಾಯುವ ಪಟ್ಟಿಯಲ್ಲಿಲ್ಲ.

ಹಾಕಿಸುವ ಮೊದಲು ಆಗಬೇಕಾದ ಪರೀಕ್ಷೆ

ಬೆಳವಣಿಗೆ ನಿಲ್ಲುವುದಕ್ಕೆ ಹಾರ್ಮೋನ್ ಕೊರತೆಯೇ ಕಾರಣ ಆಗಬೇಕೆಂದಿಲ್ಲ. ಥೈರಾಯ್ಡ್ ಕಡಿಮೆ ಇರುವ ಮಗುವಿಗೆ ದಿನಕ್ಕೆ ಕೆಲವೇ ರೂಪಾಯಿಯ ಮಾತ್ರೆ ಸಾಕು, ಬೆಳವಣಿಗೆ ತಾನಾಗಿ ಚೇತರಿಸುತ್ತದೆ. ರಕ್ತಹೀನತೆ, ಮೂತ್ರಪಿಂಡದ ತೊಂದರೆ, ಗೋಧಿಯ ಗ್ಲುಟನ್ ಒಗ್ಗದ ಸೀಲಿಯಾಕ್ ಕಾಯಿಲೆ, ದಮ್ಮಿಗೆಂದು ದೀರ್ಘಕಾಲ ನುಂಗಿದ ಸ್ಟೀರಾಯ್ಡ್ ಇವುಗಳೆಲ್ಲ ಮೊದಲು ಪಟ್ಟಿಯಿಂದ ಹೊರಗೆ ಹೋಗಬೇಕು. ಕಾರಣ ಗೊತ್ತಾಗದೆ ಗಿಡ್ಡ ಉಳಿದ ಹುಡುಗಿ ಯಾರೇ ಇರಲಿ, ಕ್ರೋಮೋಸೋಮ್ ಪರೀಕ್ಷೆ ಮಾಡಿಸಲೇಬೇಕು. ಸುಮಾರು ಎರಡೂವರೆ ಸಾವಿರ ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಬರುವ ಟರ್ನರ್ ಸಿಂಡ್ರೋಮ್ ಬೇರೆ ಯಾವ ಲಕ್ಷಣವನ್ನೂ ತೋರಿಸದೆ ಕೂತಿರಬಹುದು.

ಲ್ಯಾಬಿನ ಪ್ಯಾಕೇಜಿನಲ್ಲಿ ‘ಗ್ರೋತ್ ಹಾರ್ಮೋನ್ ಲೆವೆಲ್’ ಎಂದು ಒಂದೇ ಸಲ ರಕ್ತ ತೆಗೆದು ಕೊಡುವ ವರದಿಯನ್ನು ನಂಬಬೇಡಿ. ಈ ಹಾರ್ಮೋನ್ ಅಲೆ ಅಲೆಯಾಗಿ, ಅದೂ ಹೆಚ್ಚಾಗಿ ನಿದ್ರೆಯಲ್ಲಿ ಬಿಡುಗಡೆಯಾಗುತ್ತದೆ. ಹಗಲಲ್ಲಿ ಆರೋಗ್ಯವಂತ ಮಗುವಿನಲ್ಲೂ ಸೊನ್ನೆಯ ಹತ್ತಿರ ಬರಬಹುದು. ಸರಿಯಾದ ಪರೀಕ್ಷೆಯನ್ನು ಸ್ಟಿಮ್ಯುಲೇಷನ್ ಟೆಸ್ಟ್ ಎನ್ನುತ್ತಾರೆ. ಖಾಲಿ ಹೊಟ್ಟೆಯಲ್ಲಿ ಕ್ಲೋನಿಡಿನ್ ಮಾತ್ರೆಯನ್ನೋ ಗ್ಲುಕಗಾನ್ ಇಂಜೆಕ್ಷನ್ನನ್ನೋ ಕೊಟ್ಟು, ಎರಡು ಮೂರು ಗಂಟೆಗಳಲ್ಲಿ ಹಲವು ಸಲ ರಕ್ತ ತೆಗೆಯುತ್ತಾರೆ. ಕ್ಲೋನಿಡಿನ್ ಬಿಪಿ ಇಳಿಸುತ್ತದೆ, ಮಗು ತೂಕಡಿಸುತ್ತದೆ, ಆದ್ದರಿಂದ ಆ ದಿನ ಕೂಡಲೇ ಬಸ್ಸು ಹತ್ತಿಸಬೇಡಿ, ಊಟ ಆಗಿ ಸುಧಾರಿಸಿಕೊಳ್ಳಲಿ. ಎರಡು ಬೇರೆ ಬೇರೆ ಪರೀಕ್ಷೆಗಳಲ್ಲೂ ಹಾರ್ಮೋನ್ ಏರದಿದ್ದರೆ ಮಾತ್ರ ಕೊರತೆ ಎನ್ನುವುದು ವಾಡಿಕೆ. ಇದೂ ಪೂರ್ತಿ ಪಕ್ಕಾ ಅಲ್ಲ, ಸರಿಯಾಗಿ ಬೆಳೆಯುವ ಮಕ್ಕಳೂ ಒಮ್ಮೊಮ್ಮೆ ಫೇಲ್ ಆಗುತ್ತಾರೆ. ಹಾಗಾಗಿಯೇ ಗೋಡೆಯ ಗೆರೆ, ಎಲುಬಿನ ಎಕ್ಸ್‌ರೇ, ಹಾರ್ಮೋನಿನ ಪ್ರಭಾವ ತೋರಿಸುವ ಐಜಿಎಫ್-1 ರಕ್ತಪರೀಕ್ಷೆ ಎಲ್ಲವನ್ನೂ ಸೇರಿಸಿ ನೋಡುವುದು. ಕೊರತೆ ಖಚಿತವಾದರೆ ಮೆದುಳಿನ ಎಂಆರ್‌ಐ ಕೂಡ ಆಗಬೇಕು.

ನಿಜವಾದ ಕೊರತೆ ಇದ್ದರೆ

ಇಲ್ಲಿ ನನಗೆ ಗೊಂದಲ ಇಲ್ಲ, ಹಾಕಿಸಿ. ವರ್ಷಕ್ಕೆ ಮೂರು ಸೆಂಟಿಮೀಟರ್ ಬೆಳೆಯುತ್ತಿದ್ದ ಮಗು ಮೊದಲ ವರ್ಷದಲ್ಲೇ 8ರಿಂದ 12 ಸೆಂ.ಮೀ. ಏರುವುದುಂಟು. ಬೇಗ ಶುರು ಮಾಡಿದಷ್ಟೂ ಲಾಭ. “ಮೆಸ್ಸಿಗೂ ಹಾಕಿದ್ದರಲ್ಲ?” ಎಂದು ಫುಟ್ಬಾಲ್ ನೋಡುವ ಹುಡುಗರು ಕೇಳುತ್ತಾರೆ. ಹೌದು, ಹನ್ನೊಂದರ ಆಸುಪಾಸಿನಲ್ಲಿ ಕೊರತೆ ಪತ್ತೆಯಾಗಿ ಹಾಕಿದ್ದರು, ಆಮೇಲೆ ಬಾರ್ಸಿಲೋನಾ ಕ್ಲಬ್ ಅದರ ಖರ್ಚು ವಹಿಸಿಕೊಂಡಿತ್ತು. ಅವನಿಗೆ ಕೊರತೆ ಇತ್ತು ಎಂಬುದನ್ನು ಮರೆಯಬಾರದು.

ಟರ್ನರ್, ನೂನನ್, ಪ್ರಾಡರ್-ವಿಲ್ಲಿ ಎಂಬ ಹುಟ್ಟಿನಿಂದಲೇ ಬರುವ ಸಿಂಡ್ರೋಮ್‌ಗಳು, ದೀರ್ಘಕಾಲದ ಮೂತ್ರಪಿಂಡ ಕಾಯಿಲೆ, ಹುಟ್ಟುವಾಗಲೇ ಸಣ್ಣದಾಗಿದ್ದು ಆಮೇಲೂ ಚೇತರಿಸಿಕೊಳ್ಳದ ಮಕ್ಕಳು, ಇವರಿಗೂ ಇದು ಒಪ್ಪಿತ ಚಿಕಿತ್ಸೆ. ಟರ್ನರ್‌ನಲ್ಲಿ ಚಿಕಿತ್ಸೆ ಇಲ್ಲದಿದ್ದರೆ ಕೊನೆಯ ಎತ್ತರ ಓರಗೆಯವರಿಗಿಂತ ಸುಮಾರು 20 ಸೆಂ.ಮೀ. ಕಡಿಮೆ. ಹಾರ್ಮೋನ್ ಕೊಟ್ಟರೆ ಅದರಲ್ಲಿ ಏಳೆಂಟು ಸೆಂಟಿಮೀಟರ್ ಮರಳಿ ಪಡೆಯಬಹುದು, ಬೇಗ ಶುರು ಮಾಡಿದರೆ ಇನ್ನೂ ಸ್ವಲ್ಪ ಹೆಚ್ಚು. ಪ್ರಾಡರ್-ವಿಲ್ಲಿಯಲ್ಲಿ ಎತ್ತರಕ್ಕಿಂತ ಸ್ನಾಯುಬಲ ಮತ್ತು ಕೊಬ್ಬಿನ ಹತೋಟಿಗಾಗಿ ಕೊಡುತ್ತಾರೆ. ಆದರೆ ಅತಿಯಾದ ಬೊಜ್ಜು, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ಇದ್ದ ಕೆಲವು ಮಕ್ಕಳು ಈ ಚಿಕಿತ್ಸೆಯ ವೇಳೆ ತೀರಿಕೊಂಡದ್ದರಿಂದ ಶುರು ಮಾಡುವ ಮೊದಲು ನಿದ್ರೆಯ ಪರೀಕ್ಷೆ ಅಗತ್ಯ.

ಕಾರಣ ಸಿಗದ ಗಿಡ್ಡತನ: ಅತ್ಯಂತ ಕಷ್ಟದ ಆಯ್ಕೆ

ಎಲ್ಲ ಪರೀಕ್ಷೆಯೂ ಸರಿ. ಹಾರ್ಮೋನ್ ಸರಿ, ಥೈರಾಯ್ಡ್ ಸರಿ, ಮಗು ಮಾತ್ರ ಚಾರ್ಟಿನ ತಳದಲ್ಲಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2003ರಲ್ಲಿ ಇಂಥ ಮಕ್ಕಳಿಗೂ ಈ ಮದ್ದನ್ನು ಒಪ್ಪಿಕೊಂಡಿತು. ಯುರೋಪಿನಲ್ಲಿ ಈ ಕಾರಣಕ್ಕೆ ಒಪ್ಪಿಗೆ ಇಲ್ಲ. ಅಮೆರಿಕ ಒಂದು ದಾರಿ, ಯುರೋಪ್ ಇನ್ನೊಂದು ದಾರಿ ಹಿಡಿದಿವೆ ಎಂದಾಗ, ಮನೆಯಲ್ಲಿ ಗಂಡ-ಹೆಂಡತಿ ಒಂದೊಂದು ಹೇಳುವುದರಲ್ಲಿ ಆಶ್ಚರ್ಯ ಇಲ್ಲ.

ಇಲ್ಲಿ ಸಿಗುವ ಲಾಭ, ನಾಲ್ಕೈದು ವರ್ಷ ಹಾಕಿದ ಮೇಲೆ ಸರಾಸರಿ 5 ಸೆಂ.ಮೀ. ಆಸುಪಾಸು. ಕೆಲವರಿಗೆ ಹೆಚ್ಚು, ಕೆಲವರಿಗೆ ಏನೂ ಇಲ್ಲ, ಯಾರಿಗೆ ಎಷ್ಟು ಎಂದು ಮುಂಚಿತವಾಗಿ ಹೇಳಲಾಗದು. ಲೆಕ್ಕ ನೋಡಿ. 30 ಕಿಲೋ ತೂಕದ ಮಗುವಿಗೆ ವಾರಕ್ಕೆ ಕಿಲೋಗೆ 0.3 ಮಿಲಿಗ್ರಾಂ ಎಂದಿಟ್ಟರೆ ವಾರಕ್ಕೆ 9 ಮಿಲಿಗ್ರಾಂ, ಒಂದು ಮಿಲಿಗ್ರಾಂಗೆ ಮೂರು ಯೂನಿಟ್ಟಿನಂತೆ 27 ಯೂನಿಟ್. ವರ್ಷಕ್ಕೆ 1,400 ಯೂನಿಟ್. ತೂಕ ಏರುವುದನ್ನು ಬಿಟ್ಟರೂ ಐದು ವರ್ಷಕ್ಕೆ 7,000. ಸಿಗುವ ಐದು ಸೆಂಟಿಮೀಟರಿಗೆ ಭಾಗಿಸಿದರೆ, ಒಂದೊಂದು ಸೆಂಟಿಮೀಟರಿಗೂ 1,400 ಯೂನಿಟ್ ಮದ್ದು, ಒಂದು ವರ್ಷದ ಸೂಜಿಗಳು. ನಿಮ್ಮ ಅಂಗಡಿಯವರು ಹೇಳುವ ಒಂದು ಯೂನಿಟ್ಟಿನ ದರವನ್ನು ಇದಕ್ಕೆ ಗುಣಿಸಿ, ಬಂದ ಮೊತ್ತವನ್ನು ಮನೆಯವರೆಲ್ಲ ಕೂತು ಒಮ್ಮೆ ನೋಡಿ.

ಈ ಗುಂಪಿನಲ್ಲಿ ನನ್ನ ಒಲವು ಕಾಯುವ ಕಡೆಗೆ. ಆದರೆ ವಿರುದ್ಧದ ಮಾತನ್ನೂ ಹೇಳಬೇಕು. ವಯಸ್ಕನಾದಾಗ 150ರ ಹತ್ತಿರ ನಿಲ್ಲುವ ಲಕ್ಷಣವಿರುವ ಹುಡುಗ, ಕೈಯಲ್ಲಿ ಹಣದ ತೊಂದರೆ ಇಲ್ಲದ ಮನೆ, ಮಗುವೇ ‘ನನಗೆ ಬೇಕು’ ಎನ್ನುವಷ್ಟು ದೊಡ್ಡದಾಗಿದ್ದರೆ ಒಂದು ವರ್ಷ ಹಾಕಿ ನೋಡುವುದು ತಪ್ಪೆನ್ನಲಾರೆ. ಮಗಳಿಗೆ ಮುಂದೆ ಸಂಬಂಧ ಕೂಡಿಬರುವುದಿಲ್ಲ ಎಂಬ ಒಂದೇ ಹೆದರಿಕೆಯಿಂದ, ಅವಳನ್ನು ಒಂದು ಮಾತೂ ಕೇಳದೆ ಶುರು ಮಾಡುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ. ಐದು ವರ್ಷ ಪ್ರತಿರಾತ್ರಿ ‘ನೀನು ಸಾಲದು’ ಎಂದು ಹೇಳುವ ಸೂಜಿ ಅದು.

ದಿನಕ್ಕೊಂದೋ ವಾರಕ್ಕೊಂದೋ, ಯಾವ ಕಂಪೆನಿಯದ್ದು?

ದಿನನಿತ್ಯದ ಮದ್ದಿಗೆ ಈಗ ನಲವತ್ತು ವರ್ಷದ ಅನುಭವ ಇದೆ. ಮೊದಲು, 1950ರ ದಶಕದ ಕೊನೆಯಿಂದ, ಹೆಣಗಳ ಪಿಟ್ಯುಟರಿ ಗ್ರಂಥಿಯಿಂದಲೇ ಈ ಹಾರ್ಮೋನನ್ನು ತೆಗೆಯುತ್ತಿದ್ದರು. ಅದರೊಂದಿಗೆ ಕ್ರೂಟ್ಸ್‌ಫೆಲ್ಟ್-ಯಾಕೋಬ್ ಎಂಬ ಮೆದುಳಿನ ಮಾರಕ ಕಾಯಿಲೆಯೂ ದಾಟಿ, ಜಗತ್ತಿನಾದ್ಯಂತ 200ಕ್ಕೂ ಹೆಚ್ಚು ಮಂದಿ ಬಲಿಯಾದರು. ಫ್ರಾನ್ಸ್ ಒಂದರಲ್ಲೇ ನೂರಕ್ಕೂ ಮಿಕ್ಕಿ. 1985ರಲ್ಲಿ ಅಮೆರಿಕದಲ್ಲಿ ಅದನ್ನು ನಿಲ್ಲಿಸಿದರು, ಅದೇ ವರ್ಷ ಜೀನ್ ತಂತ್ರಜ್ಞಾನದಿಂದ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಹಾರ್ಮೋನಿಗೆ ಒಪ್ಪಿಗೆ ಸಿಕ್ಕಿತು. ‘ಸತ್ತವರ ತಲೆಯಿಂದ ತೆಗೆಯುತ್ತಾರಂತೆ’ ಎಂದು ಈಗಲೂ ಕೇಳುವವರಿಗೆ ಉತ್ತರ ಇದು: ಈಗಿನದ್ದು ಹಾಗಲ್ಲ, ಆ ಕಾಯಿಲೆಯ ಭಯ ಬೇಡ.

ವಾರಕ್ಕೊಮ್ಮೆಯ ಬಗೆಗಳು ಬಂದದ್ದು ಇತ್ತೀಚೆಗೆ. ಮಕ್ಕಳಿಗೆ ಮೊದಲನೆಯದಾಗಿ 2021ರಲ್ಲಿ ಲೋನಾಪೆಗ್‌ಸೊಮಾಟ್ರೋಪಿನ್, 2023ರಲ್ಲಿ ಸೊಮಾಪಸಿಟನ್ ಮತ್ತು ಸೊಮಾಟ್ರೋಗಾನ್ ಅಮೆರಿಕದಲ್ಲಿ ಒಪ್ಪಿಗೆ ಪಡೆದವು. ಎತ್ತರದಲ್ಲಿ ಇವು ದಿನನಿತ್ಯದ್ದಕ್ಕಿಂತ ಹಿಂದೆ ಬಿದ್ದಿಲ್ಲ. ವರ್ಷಕ್ಕೆ 365ರ ಬದಲು 52 ಸೂಜಿ, ಹಾಸ್ಟೆಲಿನಲ್ಲಿರುವ ಹುಡುಗನಿಗೆ ಭಾನುವಾರ ಮನೆಗೆ ಬಂದಾಗ ಹಾಕಿದರಾಯಿತು. ಆದರೆ ಹತ್ತಿಪ್ಪತ್ತು ವರ್ಷಗಳ ಸುರಕ್ಷತೆಯ ದಾಖಲೆ ಇವುಗಳಿಗೆ ಇನ್ನೂ ಇಲ್ಲ, ಇರುವುದು ಸಾಧ್ಯವೂ ಇಲ್ಲ. ಒಂದು ಡೋಸ್ ತಪ್ಪಿದರೆ ಒಂದು ವಾರವೇ ಹೋದಂತೆ. ಐಜಿಎಫ್-1 ರಕ್ತ ಯಾವ ದಿನ ತೆಗೆದದ್ದು ಎಂಬುದರ ಮೇಲೆ ವರದಿಯ ಅರ್ಥವೇ ಬದಲಾಗುತ್ತದೆ. ಸೂಜಿಗೆ ಮಗು ಹೊಂದಿಕೊಂಡಿದ್ದರೆ ದಿನನಿತ್ಯದ್ದೇ ಇರಲಿ. ವಾರದಲ್ಲಿ ಎರಡು ಮೂರು ರಾತ್ರಿ ತಪ್ಪುತ್ತಿದೆ ಎಂದಾದರೆ ವಾರದ್ದರ ಬಗ್ಗೆ ಡಾಕ್ಟರರಲ್ಲಿ ಕೇಳಿ, ಏಕೆಂದರೆ ತಪ್ಪುವ ಡೋಸುಗಳೇ ಬೆಳವಣಿಗೆಗೆ ದೊಡ್ಡ ಹೊಡೆತ.

ಕಂಪೆನಿಗಳ ವಿಷಯದಲ್ಲಿ ನಾನು ತಲೆ ಕೆಡಿಸಿಕೊಳ್ಳುವುದು ಕಡಿಮೆ. ಜಿನೋಟ್ರೋಪಿನ್, ನಾರ್ಡಿಟ್ರೋಪಿನ್, ಹ್ಯೂಮಟ್ರೋಪ್ ಎಂಬ ಹಳೆಯ ಹೆಸರುಗಳಿರಲಿ, ಅವುಗಳ ಮಾದರಿಯಲ್ಲೇ ಬೇರೆ ಕಂಪೆನಿ ತಯಾರಿಸುವ ಕಡಿಮೆ ದರದ ‘ಬಯೋಸಿಮಿಲರ್’ ಇರಲಿ, ದಿನನಿತ್ಯದ ಎಲ್ಲವೂ ಅದೇ 191 ಅಮೈನೋ ಆಮ್ಲಗಳ ಹಾರ್ಮೋನ್. ಯುರೋಪಿನಲ್ಲಿ ಒಪ್ಪಿಗೆ ಪಡೆದ ಮೊತ್ತಮೊದಲ ಬಯೋಸಿಮಿಲರ್ ಔಷಧವೇ 2006ರ ಓಮ್ನಿಟ್ರೋಪ್ ಎಂಬ ಬೆಳವಣಿಗೆಯ ಹಾರ್ಮೋನ್. ವ್ಯತ್ಯಾಸ ಇರುವುದು ಮದ್ದು ಚುಚ್ಚುವ ಪೆನ್ನಿನಲ್ಲಿ, ದರದಲ್ಲಿ, ಮುಂದಿನ ತಿಂಗಳೂ ಸಿಗುತ್ತದೆಯೇ ಎಂಬುದರಲ್ಲಿ. ಒಂದು ಕಂಪೆನಿಯ ಕಾರ್ಟ್ರಿಜ್ ಇನ್ನೊಂದರ ಪೆನ್ನಿಗೆ ಕೂರುವುದಿಲ್ಲ, ಆದ್ದರಿಂದ ರಿಯಾಯಿತಿ ನೋಡಿ ತಿಂಗಳಿಗೊಂದು ಬದಲಾಯಿಸಬೇಡಿ.

ಎಲ್ಲಕ್ಕಿಂತ ಅಗ್ಗ ವಯಲ್, ಅಂದರೆ ಪುಡಿ ತುಂಬಿದ ಸಣ್ಣ ಸೀಸೆ. ಪುಡಿಗೆ ಅದರ ಜೊತೆ ಬರುವ ನೀರು ಬೆರೆಸಿ ನಿಧಾನ ತಿರುಗಿಸಬೇಕು, ಕುಲುಕಿ ನೊರೆ ಬರಿಸಿದರೆ ಪ್ರೊಟೀನ್ ಹಾಳು. ಇಲ್ಲೊಂದು ಅಪಾಯ ಉಂಟು, ಇದನ್ನು ನಾನು ಪ್ರತಿಯೊಬ್ಬರಿಗೂ ತೋರಿಸಿಯೇ ಕಳಿಸುತ್ತೇನೆ. ವಯಲಿಗೆ ಬಳಸುವ ಇನ್ಸುಲಿನ್ ಸಿರಿಂಜಿನ ಮೇಲಿನ 40 ಗೆರೆಗಳು ಇನ್ಸುಲಿನ್ ಯೂನಿಟ್‌ಗಳು, ಬೆಳವಣಿಗೆಯ ಹಾರ್ಮೋನಿನ ಯೂನಿಟ್ ಅಲ್ಲ. ಇನ್ನೊಂದು, ಕೆಲವು ಡಾಕ್ಟರರು ಮಿಲಿಗ್ರಾಂನಲ್ಲಿ ಬರೆಯುತ್ತಾರೆ, ಕೆಲವರು ಯೂನಿಟ್ಟಿನಲ್ಲಿ. ಒಂದು ಮಿಲಿಗ್ರಾಂ ಅಂದರೆ ಮೂರು ಯೂನಿಟ್. ಕೊರತೆ ಇರುವ 20 ಕಿಲೋ ಮಗುವಿಗೆ ವಾರಕ್ಕೆ ಕಿಲೋಗೆ 0.2 ಮಿಲಿಗ್ರಾಂ ಲೆಕ್ಕದಲ್ಲಿ ದಿನಕ್ಕೆ ಸುಮಾರು 0.57 ಮಿಲಿಗ್ರಾಂ, ಅದೇ 1.7 ಯೂನಿಟ್. ಇವೆರಡರಲ್ಲಿ ಒಂದನ್ನು ಇನ್ನೊಂದೆಂದು ಓದಿದರೆ ಮೂರು ಪಟ್ಟು ಹೆಚ್ಚು ಅಥವಾ ಮೂರರಲ್ಲೊಂದು ಪಾಲು ಹೋಗುತ್ತದೆ. ‘ಎಷ್ಟು ಗೆರೆ ಎಳೆಯಬೇಕು’ ಎಂದು ಡಾಕ್ಟರರಿಂದಲೋ ಸಿಸ್ಟರ್‌ರಿಂದಲೋ ಬರೆಸಿಕೊಂಡೇ ಮನೆಗೆ ಹೋಗಿ.

ನಮ್ಮ ಕರಾವಳಿಯ ಸೆಕೆ ಇದಕ್ಕೆ ಶತ್ರು. ಮದ್ದು 2ರಿಂದ 8 ಡಿಗ್ರಿಯೊಳಗೆ ಇರಬೇಕು. ತೆರೆದ ಮೇಲೆ ಮೂರು ವಾರ 25 ಡಿಗ್ರಿಯೊಳಗೆ ಹೊರಗಿಡಬಹುದು ಎಂದು ಕೆಲವು ಪೆನ್ನುಗಳ ಚೀಟಿಯಲ್ಲಿರುತ್ತದೆ. ಮಂಗಳೂರಿನಲ್ಲಿ ಎಸಿ ಇಲ್ಲದ ಯಾವ ಕೋಣೆ 25ರಲ್ಲಿರುತ್ತದೆ ಹೇಳಿ! ಫ್ರಿಜ್ಜಿನ ನಡುವಿನ ತಟ್ಟೆಯಲ್ಲಿಡಿ, ಬಾಗಿಲಲ್ಲಿ ಬೇಡ, ಫ್ರೀಜರಿಗೆ ತಾಗಿಸಿಯೂ ಬೇಡ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಎಸೆಯಲೇಬೇಕು. ಮಳೆಗಾಲದಲ್ಲಿ ಕರೆಂಟು ಹೋದರೆ ಫ್ರಿಜ್ಜಿನ ಬಾಗಿಲು ತೆರೆಯದೆ ಬಿಟ್ಟಲ್ಲಿ ಸುಮಾರು ನಾಲ್ಕು ಗಂಟೆ ತಣ್ಣಗಿರುತ್ತದೆ. ಕುಂದಾಪುರ, ಕಾರ್ಕಳದ ಕಡೆ ಒಯ್ಯುವವರು ಐಸ್ ಪ್ಯಾಕ್ ಇಟ್ಟ ಡಬ್ಬಿ ಕೇಳಿ ಪಡೆಯಿರಿ, ಐಸಿಗೂ ಮದ್ದಿಗೂ ನಡುವೆ ಒಂದು ಬಟ್ಟೆ ಇರಲಿ.

ಅಪಾಯಗಳು, ಭಯಪಡಿಸದೆ

ಹೆಚ್ಚಿನ ಮಕ್ಕಳಿಗೆ ಚುಚ್ಚಿದ ಜಾಗದಲ್ಲಿ ಸ್ವಲ್ಪ ಕೆಂಪು, ಅಷ್ಟೇ. ಒಂದೇ ಜಾಗದಲ್ಲಿ ಚುಚ್ಚುತ್ತಿದ್ದರೆ ಚರ್ಮದಡಿಯ ಕೊಬ್ಬು ಕರಗಿ ಗುಳಿ ಬೀಳುತ್ತದೆ, ತೊಡೆ, ಹೊಟ್ಟೆ, ಕುಂಡೆ ಎಂದು ಬದಲಾಯಿಸುತ್ತಿರಬೇಕು. ಕೂಡಲೇ ಡಾಕ್ಟರರಿಗೆ ತಿಳಿಸಬೇಕಾದವು ಎರಡು. ಒಂದು, ಬಿಡದ ತಲೆನೋವಿನ ಜೊತೆಗೆ ವಾಂತಿ ಅಥವಾ ದೃಷ್ಟಿ ಮಸುಕು, ತಲೆಯೊಳಗಿನ ಒತ್ತಡ ಏರಿರಬಹುದು. ಇನ್ನೊಂದು, ಕುಂಟುವುದು, ಸೊಂಟ ಅಥವಾ ಮೊಣಕಾಲಿನ ನೋವು. ವೇಗವಾಗಿ ಬೆಳೆಯುವಾಗ ತೊಡೆ ಎಲುಬಿನ ತಲೆ ಬೆಳವಣಿಗೆಯ ಪಟ್ಟಿಯ ಬಳಿ ತನ್ನ ಜಾಗದಿಂದ ಜಾರಬಹುದು, ಅದಕ್ಕೆ ಆಪರೇಷನ್ ಬೇಕಾಗುತ್ತದೆ. ‘ಆಟದಲ್ಲಿ ಬಿದ್ದಿರಬೇಕು’ ಎಂದು ಎಣ್ಣೆ ತಿಕ್ಕಿ ಕೂರಬೇಡಿ. ಬೆನ್ನು ಮೊದಲೇ ವಾಲಿದ್ದರೆ ಅದು ಹೆಚ್ಚಬಹುದು. ಸಕ್ಕರೆ ಅಂಶ ಏರಬಹುದು, ಮನೆಯಲ್ಲಿ ಸಕ್ಕರೆ ಕಾಯಿಲೆ ಇದ್ದವರು ಇದನ್ನು ಮೊದಲೇ ಹೇಳಬೇಕು. ಅಡಗಿದ್ದ ಥೈರಾಯ್ಡ್ ಕೊರತೆ ಹೊರಗೆ ಬರಬಹುದು. ಮೂರರಿಂದ ಆರು ತಿಂಗಳಿಗೊಮ್ಮೆ ಅಳತೆ, ಆಗಾಗ ಐಜಿಎಫ್-1, ಥೈರಾಯ್ಡ್, ಸಕ್ಕರೆ ಪರೀಕ್ಷೆ, ಎಲುಬಿನ ವಯಸ್ಸು ನೋಡಿಕೊಳ್ಳುವುದು ಇದಕ್ಕೇ.

ಕ್ಯಾನ್ಸರ್? ಸಕ್ರಿಯ ಕ್ಯಾನ್ಸರ್ ಇರುವವರಿಗೆ ಕೊಡುವಂತಿಲ್ಲ, ಹಿಂದೆ ಆಗಿ ಗುಣವಾದ ಮಕ್ಕಳ ವಿಷಯದಲ್ಲಿ ಕ್ಯಾನ್ಸರ್ ತಜ್ಞರ ಜೊತೆ ಚರ್ಚೆ ಆಗಲೇಬೇಕು. ಬೇರೆ ಅಪಾಯ ಇಲ್ಲದ ಮಕ್ಕಳಲ್ಲಿ ಇಷ್ಟು ವರ್ಷಗಳ ಮಾಹಿತಿ ಬಹುಮಟ್ಟಿಗೆ ಧೈರ್ಯ ಕೊಡುವಂಥದ್ದೇ. ಐಸಿಯುನಲ್ಲಿ ತೀವ್ರ ಅನಾರೋಗ್ಯದಲ್ಲಿರುವವರಿಗೂ ಇದು ನಿಷಿದ್ಧ, ಅಂಥ ವಯಸ್ಕರಿಗೆ ಕೊಟ್ಟಾಗ ಸಾವು ಹೆಚ್ಚಿದ್ದು 1999ರಲ್ಲೇ ಪ್ರಕಟವಾಗಿದೆ.

ಪೌಡರ್, ಮಾತ್ರೆ, ಕಷಾಯ

ಈ ದಾರಿಗೆ ನಾನು ಹೆಚ್ಚು ಸಾಲು ಖರ್ಚು ಮಾಡುವುದಿಲ್ಲ. ಉಂಡು ತಿಂದು ಚೆನ್ನಾಗಿರುವ ಮಗುವಿಗೆ ಯಾವ ಪೌಡರೂ ಎತ್ತರ ಕೊಡುವುದಿಲ್ಲ. ಎತ್ತರ ಹೆಚ್ಚಿಸುತ್ತೇವೆ ಎಂದು ಔಷಧಕ್ಕೆ ಜಾಹೀರಾತು ಕೊಡುವುದನ್ನು 1954ರ ಕಾನೂನು ತಡೆಯುತ್ತದೆ, ಔಷಧ ನಿಯಮಗಳ ‘ಜೆ’ ಪರಿಶಿಷ್ಟವೂ ಆ ಭರವಸೆಯನ್ನು ನಿಷೇಧಿಸುತ್ತದೆ. ಹಾರ್ಮೋನ್ ‘ಸ್ಪ್ರೇ’, ‘ಮಾತ್ರೆ’ ಎಂದು ಮಾರುವುದೂ ಮೋಸ, ಈ ಹಾರ್ಮೋನ್ ಹೊಟ್ಟೆಗೆ ಹೋದರೆ ಜೀರ್ಣ ಆಗಿಬಿಡುತ್ತದೆ. ಆ ದುಡ್ಡಿಗೆ ಬೂತಾಯಿ, ಮೊಟ್ಟೆ, ಮೀನು ತಿನ್ನದವರಾದರೆ ಹೆಸರು, ಹುರುಳಿ, ಹಾಲು ತನ್ನಿ. ಊಟ ಸೇರದೆ ತೂಕವೇ ಏರದ ಮಗುವಿನಲ್ಲಿ ಇದರಿಂದ ನಿಜವಾಗಿಯೂ ವ್ಯತ್ಯಾಸ ಕಾಣುತ್ತದೆ.

ದೊಡ್ಡವರಿಗೆ

ಎತ್ತರಕ್ಕಲ್ಲದಿದ್ದರೂ ವಯಸ್ಕರಿಗೂ ಈ ಹಾರ್ಮೋನ್ ಬೇಕಾಗುವುದುಂಟು. ಪಿಟ್ಯುಟರಿ ಆಪರೇಷನ್ ಅಥವಾ ರೇಡಿಯೇಷನ್ ಆದವರು, ತಲೆಗೆ ಬಲವಾದ ಪೆಟ್ಟು ಬಿದ್ದವರು, ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ಆ ಗ್ರಂಥಿಯೇ ಒಣಗಿದ ತಾಯಂದಿರು. ಈ ಕೊನೆಯದ್ದನ್ನು ಶೀಹನ್ ಸಿಂಡ್ರೋಮ್ ಎನ್ನುತ್ತಾರೆ. ಹಾಲು ಬರಲಿಲ್ಲ, ಮುಟ್ಟು ಮರಳಲಿಲ್ಲ, ವರ್ಷಗಟ್ಟಲೆ ಸುಸ್ತು ಎಂದು ಹೇಳುವವರನ್ನು ‘ರಕ್ತ ಕಡಿಮೆ’ ಎಂದು ಟಾನಿಕ್ ಕೊಟ್ಟು ಕಳಿಸಬಾರದು. ನಮ್ಮ ತೋಟಗಳಲ್ಲಿ ಸಿಗುವ ಕೊಳಕುಮಂಡಲ ಹಾವಿನ ಕಡಿತದಿಂದ ಬದುಕಿ ಉಳಿದವರಲ್ಲೂ ಕೆಲವರಿಗೆ ಈ ಗ್ರಂಥಿ ಹಾಳಾಗುತ್ತದೆ. ಇವರಿಗೆಲ್ಲ ಮೊದಲು ಸರಿಪಡಿಸಬೇಕಾದದ್ದು ಕಾರ್ಟಿಸಾಲ್ ಎಂಬ ಹಾರ್ಮೋನ್, ಆಮೇಲೆ ಥೈರಾಯ್ಡ್. ಬೆಳವಣಿಗೆಯ ಹಾರ್ಮೋನ್ ಕೊನೆಯದ್ದು, ದಿನಕ್ಕೆ 0.2ರಿಂದ 0.3 ಮಿಲಿಗ್ರಾಂನಷ್ಟು ಸಣ್ಣ ಪ್ರಮಾಣದಲ್ಲಿ ಶುರು. ಹಣ ಕಡಿಮೆ ಇದ್ದರೆ ಮೊದಲೆರಡನ್ನು ಯಾವ ಕಾರಣಕ್ಕೂ ಬಿಡಬೇಡಿ, ಜೀವ ಉಳಿಸುವುದು ಅವು.

ಜಿಮ್ಮಿನವರು, ವಯಸ್ಸು ಮರೆಮಾಚಲು ಬಯಸುವವರು ಕೇಳಿದರೆ ನನ್ನಲ್ಲಿ ‘ಇಲ್ಲ’ ಎಂಬ ಉತ್ತರ ಒಂದೇ. ಮೈ ತುಂಬಿದಂತೆ ಕಾಣುವುದರಲ್ಲಿ ಒಂದು ಪಾಲು ನೀರು, ಬಲ ಅದಕ್ಕೆ ತಕ್ಕಂತೆ ಏರುವುದಿಲ್ಲ. ಕೈ ಜೋಮು, ಕೀಲು ನೋವು, ಊತ, ಸಕ್ಕರೆ ಕಾಯಿಲೆ ಮೊದಲು ಬರುತ್ತವೆ. ಹೆಚ್ಚು ಕಾಲ ಹೆಚ್ಚು ಪ್ರಮಾಣ ಹಾಕಿಕೊಂಡರೆ ದವಡೆ, ಅಂಗೈ, ಅಂಗಾಲು ದಪ್ಪವಾಗುತ್ತವೆ, ಹೃದಯವೂ. ಕ್ರೀಡಾಪಟುಗಳಿಗೆ ವಾಡಾದ, ಅಂದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ, ನಿಷೇಧ ಬೇರೆ. ಚೀಟಿ ಇಲ್ಲದೆ ಕೊರಿಯರಿನಲ್ಲಿ ತರಿಸಿಕೊಂಡದ್ದು ಅಸಲಿಯೋ, ದಾರಿಯಲ್ಲಿ ತಣ್ಣಗಿತ್ತೋ ಯಾರಿಗೂ ಗೊತ್ತಿರುವುದಿಲ್ಲ.

ಹಾಗಾದರೆ ನಿಮ್ಮ ಮನೆಗೆ ಯಾವುದು?

ವೇಗ ಸರಿ ಇದೆ, ಎಲುಬಿನ ವಯಸ್ಸು ಹಿಂದಿದೆ, ಅಪ್ಪನೂ ತಡವಾಗಿ ಬೆಳೆದವರು ಎಂದಾದರೆ ಕಾಯಿರಿ, ಆರು ತಿಂಗಳಿಗೊಮ್ಮೆ ಅಳೆಯಿರಿ. ಕೊರತೆ ಸಾಬೀತಾಗಿದೆ, ಹಣ ಬಿಗಿಯಾಗಿದೆ ಎಂದಾದರೆ ಕಡಿಮೆ ದರದ ದಿನನಿತ್ಯದ ಮದ್ದಿನಲ್ಲೇ ಶುರು ಮಾಡಿ, ಆದರೆ ತೂಕ ಏರಿದಂತೆ ಬಿಲ್ಲೂ ಏರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ: 20 ಕಿಲೋಗೆ ತಿಂಗಳಿಗೆ 50 ಯೂನಿಟ್ ಸಾಕಾದರೆ 40 ಕಿಲೋಗೆ 100 ಬೇಕು. ಎರಡು ವರ್ಷ ಹಾಕಿ ಹಣ ಮುಗಿದು ನಿಲ್ಲಿಸುವ ಮೊದಲು ಡಾಕ್ಟರರಲ್ಲಿ ಬಾಯಿಬಿಟ್ಟು ಹೇಳಿ. ಆರೋಗ್ಯ ವಿಮೆಗಳು ಸಾಮಾನ್ಯವಾಗಿ ಆಸ್ಪತ್ರೆಗೆ ಸೇರದೆ ಹಾಕುವ ಇಂಥ ಮದ್ದಿಗೆ ಕೊಡುವುದಿಲ್ಲ. ಆದರೆ 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯ ಎರಡನೇ ಗುಂಪಿನಲ್ಲಿ ಸಾಬೀತಾದ ಹಾರ್ಮೋನ್ ಕೊರತೆ, ಟರ್ನರ್, ಪ್ರಾಡರ್-ವಿಲ್ಲಿ, ನೂನನ್‌ಗೆ ಈ ಚಿಕಿತ್ಸೆಯ ಹೆಸರಿದೆ. ಅದರ ಕೇಂದ್ರ ನಮಗೆ ಬೆಂಗಳೂರಿನಲ್ಲಿ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯೊಂದಿಗೆ ಸೇರಿದ ಮಾನವ ತಳಿವಿಜ್ಞಾನ ಕೇಂದ್ರ. ಅರ್ಜಿ ಹಾಕಿದ ಕೂಡಲೇ ಸಿಗುವುದಿಲ್ಲ, ಆದರೂ ಹಾಕದೆ ಬಿಡಬೇಡಿ, ಇಲ್ಲಿನ ಡಾಕ್ಟರರ ಪತ್ರ ಮತ್ತು ಎಲ್ಲ ವರದಿ ಕೈಯಲ್ಲಿರಲಿ.

ಕಾರಣ ಸಿಗದ ಗುಂಪಿನವರು ಪೆನ್ನು ಕೊಳ್ಳುವ ಮೊದಲೇ ಒಂದು ವಿಷಯ ಡಾಕ್ಟರರಿಂದ ಚೀಟಿಯಲ್ಲಿ ಬರೆಸಿಕೊಳ್ಳಿ: ಮೊದಲ ವರ್ಷ ಎಷ್ಟು ಸೆಂಟಿಮೀಟರ್ ಬಂದರೆ ಮುಂದುವರಿಸುವುದು, ಎಷ್ಟಕ್ಕಿಂತ ಕಡಿಮೆ ಆದರೆ ನಿಲ್ಲಿಸುವುದು. ಕೊರತೆ ಇದ್ದ ಮಕ್ಕಳಿಗೂ ಬೆಳವಣಿಗೆ ವರ್ಷಕ್ಕೆ ಎರಡು ಸೆಂಟಿಮೀಟರಿನ ಆಸುಪಾಸಿಗೆ ಇಳಿದಾಗ ಮದ್ದು ನಿಲ್ಲುತ್ತದೆ. ಆಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿ, ಬಾಲ್ಯದಲ್ಲಿ ಕೊರತೆ ಎಂದು ಬಂದವರಲ್ಲಿ ಅನೇಕರ ವರದಿ ಆಗ ಸರಿಯಾಗಿಯೇ ಬರುತ್ತದೆ, ಅವರಿಗೆ ದೊಡ್ಡವರಾದ ಮೇಲೆ ಸೂಜಿ ಬೇಕಾಗುವುದಿಲ್ಲ.